ನಿಪ್ಪಟ್ಟಿನ ಕೈಯಲ್ಲಿ ಶಾರ್ಟ್‌ಬ್ರೆಡ್

ಹೋದ ವರ್ಷ ಜೂನ್‌ನಲ್ಲಿ ಹಳೇ ಆಫೀಸಿನ ಗೆಳತಿಯ ಮದುವೆಗೆ ಸ್ಕಾಟ್ಲೆಂಡಿಗೆ ಹೋಗಿದ್ದೆ. ಪರ್ತ್ ಊರಿನ ಹತ್ತಿರ ಒಂದು ಹಳ್ಳಿ. ಗಂಡಸರೆಲ್ಲ ಲಂಗದ ಥರದ ಕಿಲ್ಟ್ ಉಟ್ಟಿದ್ದರು. ಬಾಗಿಲಲ್ಲಿ ಬ್ಯಾಗ್‌ಪೈಪ್ ಊದುವವನು, ರಾತ್ರಿ ಎಲ್ಲರೂ ಸೇರಿ ಕುಣಿತ. ನನಗೆ ಮಾತ್ರ ಊಟದ ತಟ್ಟೆಯ ಪಕ್ಕ ಇಟ್ಟಿದ್ದ ಸಣ್ಣ ಪೊಟ್ಟಣದ್ದೇ ಧ್ಯಾನ. ನಮ್ಮಲ್ಲಿ ತಾಂಬೂಲದ ಚೀಲ ಕೊಡ್ತೀವಲ್ಲ, ಹಾಗೆ. ಒಳಗೆ ಎರಡು ತುಂಡು ಶಾರ್ಟ್‌ಬ್ರೆಡ್, ಅಂದರೆ ಅಲ್ಲಿನ ಬೆಣ್ಣೆ ಬಿಸ್ಕತ್ತು. ಕಚ್ಚಿದರೆ ಮೊದಲು ಮರಳು ಮರಳು, ಆಮೇಲೆ ಬರೀ ಬೆಣ್ಣೆ.

ಮಾಡಿದ್ದು ಮದುಮಗಳ ಸೋದರತ್ತೆ. ಹೇಗೆ ಅಂತ ಕೇಳಿದೆ. ‘ಒಂದು, ಎರಡು, ಮೂರು’ ಅಂದರು. ಸಕ್ಕರೆ ಒಂದು ಪಾಲು, ಬೆಣ್ಣೆ ಎರಡು, ಹಿಟ್ಟು ಮೂರು. ತೂಕದ ಲೆಕ್ಕ, ಕಪ್ಪಿನದಲ್ಲ. ಹಿಟ್ಟಿನಲ್ಲಿ ಸ್ವಲ್ಪ ಅಕ್ಕಿ ಹಿಟ್ಟು ಸೇರಬೇಕು, ಆ ಮರಳು ಮರಳು ಬರೋದು ಅದರಿಂದ. ಶೆಟ್‌ಲ್ಯಾಂಡ್ ದ್ವೀಪಗಳಲ್ಲಿ ಹೊಸ ಮನೆಗೆ ಕಾಲಿಡುವ ಮದುಮಗಳ ತಲೆಯ ಮೇಲೆ ಶಾರ್ಟ್‌ಬ್ರೆಡ್ ಮುರಿಯುವ ಪದ್ಧತಿ ಇತ್ತಂತೆ. ನಮ್ಮಲ್ಲಿ ಹೊಸ ಸೊಸೆ ಸೇರಕ್ಕಿ ಒದ್ದು ಒಳಗೆ ಬರ್ತಾಳೆ ಅಂತ ನಾನೂ ಹೇಳಿದೆ. ಅವರು ಜೋರಾಗಿ ನಕ್ಕರು.

ಮೈಸೂರಿಗೆ ವಾಪಸ್ ಬಂದ ವಾರದಲ್ಲೇ ಶುರು ಮಾಡಿದೆ. ಮೂರೇ ಸಾಮಾನು, ಇದರಲ್ಲೇನು ಕೆಡುತ್ತೆ ಅಂದುಕೊಂಡಿದ್ದೆ. ಕೆಟ್ಟಿತು. ಅಮ್ಮ ಮೊಸರು ಕಡೆದು ತೆಗೆದ ಬೆಣ್ಣೆ ಹಾಕಿದ್ದೇ ತಪ್ಪು. ಎಷ್ಟು ತೊಳೆದು ಹಿಂಡಿದರೂ ಅದರಲ್ಲಿ ನೀರಿನ ಅಂಶ ಜಾಸ್ತಿ. ನೀರು ಸೋಕಿದರೆ ಮೈದಾ ಜಿಗುಟಾಗುತ್ತೆ, ಬೆಂದ ಮೇಲೆ ಗಟ್ಟಿ. ಅಪ್ಪ ಕಾಫಿಯಲ್ಲಿ ಅದ್ದಿಕೊಂಡು ತಿಂದರು, ಪಾಪ. ಎರಡನೇ ಸಲ ಅಂಗಡಿಯ ಉಪ್ಪು ಬೆಣ್ಣೆ. ಉಪ್ಪುಪ್ಪಾಯಿತು, ಸಾಲದ್ದಕ್ಕೆ ಕಾಫಿಗೆ ಹಾಕುವ ದಪ್ಪ ಸಕ್ಕರೆ ಕರಗದೆ ಹಲ್ಲಿಗೆ ಸಿಕ್ಕಿತು. ಓಟಿಜಿಯ, ಅಂದರೆ ನಮ್ಮ ಪುಟ್ಟ ಕರೆಂಟ್ ಓವನ್ನಿನ, ಮೇಲಿನ ಬಿಸಿ ಕಡ್ಡಿ ಬೇರೆ ಉರೀತಿತ್ತು. ಮೇಲೆ ಕಂದು, ನಡುವೆ ಹಸಿ.

ಮೂರನೇ ಸಲ ಉಪ್ಪಿಲ್ಲದ ಬೆಣ್ಣೆ 100 ಗ್ರಾಂ, ಮಿಕ್ಸಿಯಲ್ಲಿ ಒಂದೇ ಸುತ್ತು ತಿರುಗಿಸಿದ ಸಕ್ಕರೆ 50 ಗ್ರಾಂ, ಮೈದಾ 125, ಅಕ್ಕಿ ಹಿಟ್ಟು 25, ಒಂದು ಚಿಟಿಕೆ ಉಪ್ಪು. ತಣ್ಣಗಿನ ಬೆಣ್ಣೆಯನ್ನು ಚೂರು ಮಾಡಿ ಬೆರಳ ತುದಿಯಲ್ಲಿ ಹಿಟ್ಟಿಗೆ ಉಜ್ಜುತ್ತಾ ಕೂತೆ. ಎಷ್ಟು ಉಜ್ಜಬೇಕು ಅಂತ ಗೊತ್ತಾಗದೆ ಒದ್ದಾಡ್ತಿದ್ದಾಗ ಅಮ್ಮ ಬಂದು ಒಂದು ಹಿಡಿ ಎತ್ತಿಕೊಂಡು ಮುಷ್ಟಿ ಕಟ್ಟಿದರು. ಉಂಡೆ ನಿಂತಿತು. ಹೆಬ್ಬೆರಳಲ್ಲಿ ಒತ್ತಿದರು, ಪುಡಿಯಾಗಿ ಉದುರಿತು. ‘ಇಷ್ಟೇ ಕಣೇ, ನಿಪ್ಪಟ್ಟಿಗೆ ಬಿಸಿ ಎಣ್ಣೆ ಹಾಕಿ ನೋಡಲ್ವಾ, ಹಾಗೇ. ಇನ್ನು ಮುಟ್ಟಬೇಡ’ ಅಂದರು. ಸರಿನೇ. ಬೆಣ್ಣೆ ಹಿಟ್ಟಿನ ಕಣಗಳನ್ನು ಸುತ್ತಿಕೊಂಡರೆ ಹಿಟ್ಟು ನಾರು ನಾರಾಗಿ ಜಿಗುಟಾಗೋದಿಲ್ಲ. ಚಪಾತಿ ಹಿಟ್ಟಿನ ಹಾಗೆ ನಾದಿದರೆ ಮುಗೀತು.

7 ಇಂಚಿನ ಕೇಕ್ ಟಿನ್ನಿಗೆ ಆ ಪುಡಿ ಸುರಿದು, ಬಟ್ಟಲಿನ ತಳದಿಂದ ಒತ್ತಿ ಸಮ ಮಾಡಿದೆ. ಫೋರ್ಕಿನಿಂದ ಅಲ್ಲಲ್ಲಿ ಚುಚ್ಚಿದೆ, ಇಲ್ಲದಿದ್ದರೆ ಉಬ್ಬುತ್ತೆ. ಅರ್ಧ ಗಂಟೆ ಫ್ರಿಜ್ಜಿನಲ್ಲಿ. ಆಮೇಲೆ ಮೇಲಿನ ಕಡ್ಡಿ ಆಫ್ ಮಾಡಿ, ಕೆಳಗಿನದರಲ್ಲೇ 150 ಡಿಗ್ರಿಗೆ 45 ನಿಮಿಷ. ಕೆಂಪಗಾಗಲಿ ಅಂತ ಕಾಯಬಾರದು. ಮೇಲೆ ಕೆನೆ ಬಣ್ಣ ಇರುವಾಗಲೇ, ಅಂಚು ಹೊಂಬಣ್ಣಕ್ಕೆ ತಿರುಗಿದ ಕೂಡಲೇ ತೆಗೀಬೇಕು. ಆಗ ಮುಟ್ಟಿದರೆ ಮೆತ್ತಗಿರುತ್ತೆ, ಬೆಂದಿಲ್ಲ ಅಂತ ಮತ್ತೆ ಒಳಗಿಡೋ ಆಸೆಯಾಗುತ್ತೆ. ಇಡಬೇಡಿ. ಬಿಸಿ ಇರುವಾಗಲೇ ಎಂಟು ಪಾಲು ಕತ್ತರಿಸಿ, ಟಿನ್ನಿನಲ್ಲೇ ಆರಲು ಬಿಡಿ. ಆರಿದ ಮೇಲೆ ಕತ್ತರಿಸಲು ಹೋದರೆ ಬರೀ ಪುಡಿ.

ಈ ಸಲ ಅಪ್ಪ ಕಾಫಿಯಲ್ಲಿ ಅದ್ದಲಿಲ್ಲ. ಅಮ್ಮನದು ಒಂದೇ ತಕರಾರು, ಏಲಕ್ಕಿ ಹಾಕಬೇಕಿತ್ತಂತೆ. ಹಾಕಿದರೆ ನಾನ್‌ಖಟಾಯಿ ಆಗುತ್ತಮ್ಮಾ ಅಂದೆ. ಈಗ ಪ್ರತಿ ಸಲ ಅರ್ಧ ಪುಡಿ ಅವರಿಗೆ ಬಿಟ್ಟುಕೊಡ್ತೇನೆ. ಡಬ್ಬಿಯಲ್ಲಿ ಮೊದಲು ಖಾಲಿಯಾಗೋದು ಅವರ ಪಾಲೇ.