ಅಗಸಿ ಮುಂದಿನ ವೀರಗಲ್ಲು: ಎಷ್ಟು ತೊಳೆಯಬೇಕು, ಎಲ್ಲಿ ಕೈ ಬಿಡಬೇಕು

ಕೊಪ್ಪಳ ಜಿಲ್ಲೆಯ ಕುಕನೂರು ಹತ್ತಿರದ ನಮ್ಮೂರಲ್ಲಿ ಅಗಸಿ, ಅಂದರೆ ಊರ ಬಾಗಿಲ ಪಕ್ಕ ಒಂದು ವೀರಗಲ್ಲಿದೆ, ಕಾಳಗದಲ್ಲಿ ಮಡಿದ ವೀರನ ನೆನಪಿಗೆ ನಿಲ್ಲಿಸಿದ ಕೆತ್ತನೆಯ ಕಲ್ಲು. ಒಂದು ವರ್ಷ ಜಾತ್ರೆಗೆ ಮುಂಚೆ ದೊಡ್ಡಪ್ಪ ಅದಕ್ಕೆ ಬೆಳ್ಳಿ ಪೇಂಟ್ ಬಳಿದರು. ಮೀಸೆಗೂ ಕುದುರೆ ಕಣ್ಣಿಗೂ ಕಪ್ಪು. "ಹೆಂಗ ಮಿಂಚಾಕತ್ತೈತಿ ನೋಡು" ಅಂತ ಕರೆದು ತೋರಿಸಿದರು. ನೋಡಿದೆ. ಕೆತ್ತನೆಯ ಅಡ್ಡಪಟ್ಟಿಗಳ ನಡುವೆ ಇದ್ದ ಎರಡು ಸಾಲು ಅಕ್ಷರ ಮಾಯವಾಗಿತ್ತು. ನಮ್ಮ ಕಡೆ ವೀರಗಲ್ಲಿಗೆ ಮಳೆ ಬಿಸಿಲಿಗಿಂತ ಜಾಸ್ತಿ ಪೆಟ್ಟು ಬೀಳುವುದು ಇಂಥ ಭಕ್ತಿಯ ಕೆಲಸದಿಂದಲೇ.

ಹಾಗಾದರೆ ಏನು ಮಾಡಬಹುದು? ಮೊದಲು ಆ ಕಲ್ಲು ಸಂರಕ್ಷಿತ ಸ್ಮಾರಕವೇ ಅಂತ ಗ್ರಾಮ ಪಂಚಾಯಿತಿಯಲ್ಲೂ ಪುರಾತತ್ವ ಇಲಾಖೆಯಲ್ಲೂ ವಿಚಾರಿಸಿ. 1958ರ ಕೇಂದ್ರ ಕಾಯ್ದೆ ಅಥವಾ 1961ರ ರಾಜ್ಯ ಕಾಯ್ದೆಯಡಿ ಬಂದಿದ್ದರೆ ನೀವು ಬ್ರಷ್ ಕೂಡ ಮುಟ್ಟಿಸಬೇಡಿ. ಹಾಗಲ್ಲದಿದ್ದರೂ ಇಲಾಖೆಗೆ ಒಂದು ಪತ್ರ ಹಾಕಿ ಆಮೇಲೆ ಕೈ ಹಚ್ಚಿ.

ಎರಡನೆಯದು ಫೋಟೋ. ಮಧ್ಯಾಹ್ನದ ಬಿಸಿಲಲ್ಲಿ ತೆಗೆದರೆ ಏನೂ ಕಾಣುವುದಿಲ್ಲ. ಹೊತ್ತು ಮುಳುಗಿದ ಮೇಲೆ ಹೋಗಿ, ಮೊಬೈಲ್ ಟಾರ್ಚನ್ನು ಕಲ್ಲಿನ ಪಕ್ಕದಿಂದ, ಮೈಗೆ ತಾಗಿದ ಹಾಗೆ ಓರೆಯಾಗಿ ಬಿಡಿ. ಸವೆದ ಅಕ್ಷರಗಳೂ ನೆರಳು ಕಟ್ಟಿಕೊಂಡು ಎದ್ದು ಬರುತ್ತವೆ. ನಿಜಕ್ಕೂ ಮೈ ಜುಮ್ಮೆನ್ನುತ್ತದೆ. ಓದಲಿಕ್ಕೆ ಅಂತ ಸೀಮೆಸುಣ್ಣ, ಹಿಟ್ಟು ತುಂಬಬೇಡಿ. ಕೆತ್ತನೆಯನ್ನು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗೆ ಕಾಳಗ ಅಥವಾ ತುರುಗೋಳು (ದನಗಳ ಅಪಹರಣ), ನಡುವೆ ವೀರನನ್ನು ಎತ್ತಿಕೊಂಡು ಹೋಗುವ ದೇವಕನ್ಯೆಯರು, ಮೇಲೆ ಲಿಂಗದ ಮುಂದೆ ಕೂತ ವೀರ, ತುದಿಯಲ್ಲಿ ಸೂರ್ಯ ಚಂದ್ರ. ಎಷ್ಟೋ ಕಡೆ ಕಾಳಗದ ಭಾಗವೇ ಮಣ್ಣಲ್ಲಿ ಹೂತಿರುತ್ತದೆ. ಅಗೆಯಬೇಡಿ. ಕಲ್ಲು ನಿಂತಿರುವುದೇ ಆ ಮಣ್ಣಿನ ಹಿಡಿತದಲ್ಲಿ.

ಈಗ ತೊಳೆಯುವ ಕೆಲಸ. ಬೆಳಿಗ್ಗೆ ಬೇಗ ಶುರು ಮಾಡಿ, ಕಾದ ಕಲ್ಲಿಗೆ ತಣ್ಣೀರು ಹಾಕಬಾರದು. ಬೋರ್‌ವೆಲ್ ನೀರು ಬೇಡ, ನಮ್ಮ ಕಡೆ ಅದು ಬಹಳ ಕಡೆ ಉಪ್ಪು. ಆ ಉಪ್ಪು ಕಲ್ಲಿನ ಸಂದಿಗೆ ಇಳಿದು, ಒಣಗುವಾಗ ಹರಳುಗಟ್ಟಿ, ಮೇಲಿನ ಪದರವನ್ನು ಹಪ್ಪಳದ ಹಾಗೆ ಎಬ್ಬಿಸುತ್ತದೆ. ಊರಿನ ಶುದ್ಧ ನೀರಿನ ಘಟಕದಿಂದ 20 ಲೀಟರಿನ ಎರಡು ಕ್ಯಾನ್ ತಂದರೆ ಸಾಕು. ಮೆತ್ತನೆಯ ಬ್ರಷ್, ಬರೀ ನೀರು, ಮೇಲಿನಿಂದ ಕೆಳಕ್ಕೆ. ಸೋಪು, ಆ್ಯಸಿಡ್, ತಂತಿ ಬ್ರಷ್ ಯಾವುದೂ ಬೇಡ. ಕಲ್ಲುಹೂವು ಬೆಳೆದಿದ್ದರೆ ಹದಿನೈದು ನಿಮಿಷ ನೆನೆಸಿ, ಬಿದಿರು ಕಡ್ಡಿಯಿಂದ ಮೆಲ್ಲಗೆ ಎಬ್ಬಿಸಿ. ಬರದಿದ್ದರೆ ಬಿಟ್ಟುಬಿಡಿ. ಕೈಗೆ ಪುಡಿ ಹತ್ತಿದರೆ, ಬಡಿದಾಗ ಟೊಳ್ಳು ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ.

ಹಳೇ ಪೇಂಟ್ ತೆಗೆಯುವುದು ನಮ್ಮ ನಿಮ್ಮ ಕೆಲಸ ಅಲ್ಲ. ಥಿನ್ನರ್ ಹಾಕಿದರೆ ಬಣ್ಣ ಕರಗಿ ಕಲ್ಲಿನೊಳಕ್ಕೇ ಇಳಿಯುತ್ತದೆ, ಬೆಂಕಿ ಹಿಡಿದರೆ ಕಲ್ಲು ಸಿಡಿಯುತ್ತದೆ. ಇದನ್ನು ಇಲಾಖೆಯ ತಜ್ಞರಿಗೇ ಬಿಡಿ.

ಕಲ್ಲು ಒಡೆದಿದ್ದರೆ? ತುಂಡುಗಳನ್ನು ಬಿದ್ದ ಜಾಗದಲ್ಲೇ ಫೋಟೋ ತೆಗೆದು, ನಂಬರ್ ಬರೆದ ಚೀಟಿ ಕಟ್ಟಿ, ಗೋಣಿಚೀಲದಲ್ಲಿ ಪಂಚಾಯಿತಿಗೆ ಒಪ್ಪಿಸಿ. ಅಂಟಿಸಲು ಹೋಗಬೇಡಿ. ಸಿಮೆಂಟಿನಲ್ಲೂ ಉಪ್ಪಿದೆ, ಮುಂದೆ ಬಿಡಿಸಬೇಕೆಂದರೆ ಕಲ್ಲೂ ಕಿತ್ತು ಬರುತ್ತದೆ. ಕಬ್ಬಿಣದ ಸರಳು ತುಕ್ಕು ಹಿಡಿದು ಉಬ್ಬಿ ಒಳಗಿನಿಂದಲೇ ಸೀಳುತ್ತದೆ. ತಿಳಿದವರು ಸ್ಟೇನ್‌ಲೆಸ್ ಸ್ಟೀಲ್ ಸರಳು, ಸುಣ್ಣದ ಗಾರೆ ಬಳಸುತ್ತಾರೆ.

ವಾಲಿದ ಕಲ್ಲಿನ ಕಥೆ ಬೇರೆ. ಎರೆ ಮಣ್ಣು, ಅಂದರೆ ನಮ್ಮ ಕಡೆಯ ಕಪ್ಪು ಮಣ್ಣು, ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಕಲ್ಲು ವರ್ಷಕ್ಕಿಷ್ಟು ಸರಿಯುತ್ತದೆ. ಜೆಸಿಬಿ ಕರೆಸಬೇಡಿ. ಬುಡದಲ್ಲಿ ನೀರು ನಿಲ್ಲದ ಹಾಗೆ ನಾಲ್ಕೈದು ಅಡಿ ದೂರದಲ್ಲಿ ಸಣ್ಣ ಕಾಲುವೆ ತೋಡಿ, ಎಮ್ಮೆ ಕಟ್ಟುವ ಗೂಟ ಬೇರೆ ಕಡೆ ಹುಗಿಯಿರಿ. ನೆಟ್ಟಗೆ ನಿಲ್ಲಿಸುವುದು ಇಲಾಖೆ ನೋಡಿಕೊಳ್ಳಲಿ.

ಪೂಜೆ ನಿಲ್ಲಿಸಿ ಅಂದರೆ ಯಾರೂ ಕೇಳುವುದಿಲ್ಲ, ಕೇಳಲೂಬಾರದು. ಕುಮ್ಮಟದುರ್ಗದ ವೀರ ಕುಮಾರರಾಮನ ಕಥೆ ಕೇಳಿ ಬೆಳೆದ ಸೀಮೆ ಇದು. ನಾವು ಮಾಡಿದ್ದು ಇಷ್ಟೇ: ಮುಂದೆ ಒಂದು ಚಪ್ಪಡಿ ಹಾಕಿಸಿದೆವು. ಎಣ್ಣೆ, ಕುಂಕುಮ, ಕಾಯಿ ಎಲ್ಲ ಅದರ ಮೇಲೆ. ಈಗ ಹುಡುಗರು ಬ್ರಷ್ ಹಿಡಿದು ಬಂದರೆ ಮೊದಲು ಗದರುವುದು ದೊಡ್ಡಪ್ಪನೇ. ಬೆಳ್ಳಿ ಬಣ್ಣ ಮಾತ್ರ ಇನ್ನೂ ಹಾಗೇ ಇದೆ.