ಕಸದ ಗುಡ್ಡ ಕರಗಿಸುವ ಟೆಂಡರ್: ದರ ಬರೆಯುವ ಮೊದಲು ಗುಂಡಿ ತೋಡಿಸಿ

ರಸ್ತೆ, ಚರಂಡಿ, ಸಿಸಿ ಕೆಲಸ ಮಾಡಿಕೊಂಡು ಚೆನ್ನಾಗಿಯೇ ಇದ್ದ ಗುತ್ತಿಗೆದಾರರು ಹಳೆ ಕಸದ ಟೆಂಡರ್‌ಗೆ ಕೈ ಹಾಕಿ ಸುಟ್ಟುಕೊಳ್ಳುವುದನ್ನು ದಾವಣಗೆರೆ, ಚಿತ್ರದುರ್ಗದ ಕಡೆ ನೋಡುತ್ತಲೇ ಇದ್ದೇನೆ. ಎಲ್ಲರೂ ಎಡವುವುದು ಹೆಚ್ಚುಕಮ್ಮಿ ಒಂದೇ ಕಡೆ. ಹಳೆ ಕಸ ಅಗೆದು, ಜರಡಿ ಹಿಡಿದು, ಮಣ್ಣು, ಪ್ಲಾಸ್ಟಿಕ್, ಕಲ್ಲು ಬೇರೆ ಮಾಡಿ ಕಳಿಸುವ ಕೆಲಸವನ್ನು ಬರೀ ಮಣ್ಣು ಎತ್ತಿ ಸಾಗಿಸುವ ಕೆಲಸ ಅಂತ ಅಂದುಕೊಳ್ಳುತ್ತಾರೆ. ಹಿಟಾಚಿಗೆ ಗಂಟೆಗೆ ಇಷ್ಟು, ಟಿಪ್ಪರ್‌ಗೆ ಟ್ರಿಪ್‌ಗೆ ಇಷ್ಟು, ಮೇಲೆ ನಮ್ಮ ಲಾಭ ಇಷ್ಟು, ಲೆಕ್ಕ ಮುಗೀತು. ಜಾಗಕ್ಕೆ ಹೋದವರೂ ಗುಡ್ಡದ ಮೇಲೆ ಮೂಗು ಮುಚ್ಚಿಕೊಂಡು ನಿಂತು ಒಂದು ಫೋಟೊ ತೆಗೆದುಕೊಂಡು ಬಂದಿರುತ್ತಾರೆ. ಆಮೇಲೆ ಕೆಲಸ ಶುರುವಾದ ಮೂರನೇ ತಿಂಗಳಿಗೆ ಜರಡಿ ಕಟ್ಟಿಕೊಂಡು ನಿಂತಿರುತ್ತದೆ, ಪ್ಲಾಸ್ಟಿಕ್ ರಾಶಿ ಕಸದ ಗುಡ್ಡಕ್ಕಿಂತ ಎತ್ತರ ಬೆಳೆದಿರುತ್ತದೆ, ಬಿಲ್ಲು ಮಾತ್ರ ಆಗಿರುವುದಿಲ್ಲ.

ಹಾಗಾಗಿ ಈ ಲೇಖನದಲ್ಲಿ ಆನ್‌ಲೈನ್ ಅರ್ಜಿ ತುಂಬುವುದಕ್ಕೆ ಎರಡು ಮಾತು, ಗುಡ್ಡ ಅಳೆಯುವುದಕ್ಕೆ ಇಪ್ಪತ್ತು ಮಾತು.

ಹಂತ 1: ಇದು ಯಾವ ಥರದ ಜಾಗ ಅಂತ ನೋಡಿ

ಊರಿನ ಕಸವನ್ನು ವರ್ಷಗಟ್ಟಲೆ ಸುರಿದ ಜಾಗ ಬೇರೆ. ದಾವಣಗೆರೆಗೆ ಆವರಗೊಳ್ಳ ಇದ್ದ ಹಾಗೆ. ಕಾರ್ಖಾನೆಯ ರಾಸಾಯನಿಕ ನೆಲಕ್ಕೆ ಇಳಿದ ಜಾಗ ಬೇರೆ. ಅದಕ್ಕೆ 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಪ್ರತ್ಯೇಕ ನಿಯಮವನ್ನೇ ತಂದಿದೆ, ಅದರಲ್ಲಿ ಊರ ಕಸದ ಗುಡ್ಡವಾಗಲಿ ಗಣಿಯಾಗಲಿ ಬರುವುದಿಲ್ಲ. ಇನ್ನು ಚಿತ್ರದುರ್ಗ, ಬಳ್ಳಾರಿ, ತುಮಕೂರು ಭಾಗದ ಗಣಿ ಬಾಧಿತ ಪ್ರದೇಶದ ಕೆಲಸಗಳಿಗೆ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಅಂತ ಬೇರೆಯೇ ನಿಗಮ ಇದೆ. ರಾಸಾಯನಿಕದ ಕೆಲಸಕ್ಕೆ ಅನುಭವ ಇಲ್ಲದೆ ಹೋಗಬೇಡಿ, ಅದು ಹಣದ ಪ್ರಶ್ನೆ ಅಲ್ಲ, ಕೂಲಿಯವರ ಜೀವದ ಪ್ರಶ್ನೆ. ಇಲ್ಲಿ ನಾನು ಹೇಳುತ್ತಿರುವುದು ಊರ ಕಸದ ಗುಡ್ಡದ ವಿಚಾರ ಮಾತ್ರ. ಸರ್ಕಾರಿ ಭಾಷೆಯಲ್ಲಿ ಬಯೋಮೈನಿಂಗ್. ಇದಕ್ಕೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2019ರಲ್ಲಿ ಮಾರ್ಗಸೂಚಿ ಕೊಟ್ಟಿದೆ. ಟೆಂಡರ್ ಪುಸ್ತಕಕ್ಕಿಂತ ಮೊದಲು ಅದನ್ನು ಓದಿ.

ಹಂತ 2: ದುಡ್ಡು ಎಲ್ಲಿಂದ ಬರುತ್ತದೆ?

2021ರ ಅಕ್ಟೋಬರ್‌ನಲ್ಲಿ ಶುರುವಾದ ಸ್ವಚ್ಛ ಭಾರತ್ ಮಿಷನ್ ನಗರ 2.0ರಲ್ಲಿ ಹಳೆ ಕಸಕ್ಕೆ ಟನ್‌ಗೆ 550 ರೂಪಾಯಿ ಲೆಕ್ಕ ಹಿಡಿದಿದ್ದಾರೆ. ಒಂದು ಲಕ್ಷದಿಂದ ಹತ್ತು ಲಕ್ಷ ಜನಸಂಖ್ಯೆಯ ಊರಿಗೆ ಕೇಂದ್ರದ ಪಾಲು ಶೇ 33, ಲಕ್ಷದ ಒಳಗಿನ ಊರಿಗೆ ಶೇ 50. ದಾವಣಗೆರೆ, ಚಿತ್ರದುರ್ಗ ಎರಡೂ ಮೊದಲನೇ ಗುಂಪಿಗೆ ಬರುತ್ತವೆ. 2011ರ ಜನಗಣತಿ ಹಿಡಿದರೆ ಹರಿಹರ ಎರಡನೆಯದಕ್ಕೆ. ಉಳಿದದ್ದು ರಾಜ್ಯ ಮತ್ತು ಸ್ಥಳೀಯ ಸಂಸ್ಥೆಯ ತಲೆ ಮೇಲೆ. ಅಂದರೆ ಮೂರು ಕಡೆಯಿಂದ ಕಂತು ಬರಬೇಕು, ಒಂದು ತಡವಾದರೂ ನಿಮ್ಮ ರನ್ನಿಂಗ್ ಬಿಲ್, ಅಂದರೆ ಮಾಡಿದಷ್ಟು ಕೆಲಸಕ್ಕೆ ಆಗಾಗ ಆಗುವ ಬಿಲ್, ನಿಲ್ಲುತ್ತದೆ. ನಾಲ್ಕು ತಿಂಗಳು ಡೀಸೆಲ್‌ಗೆ ಕೈಯಿಂದ ಹಾಕುವ ತಾಕತ್ತು ಇಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಿ. ಬಡ್ಡಿಗೆ ತಂದು ಮಾಡುವ ಕೆಲಸ ಇದಲ್ಲ.

ಹಂತ 3: ಕಾಗದ ಪತ್ರ

ರಾಜ್ಯ ಸರ್ಕಾರದ ಟೆಂಡರ್‌ಗಳು ಬರುವ ಕೆಪಿಪಿಪಿ ಪೋರ್ಟಲ್‌ನಲ್ಲಿ ನೋಂದಣಿ, ಕ್ಲಾಸ್ 3 ಡಿಜಿಟಲ್ ಸಹಿ, ಪ್ಯಾನ್, ಜಿಎಸ್‌ಟಿ, ಲೆಕ್ಕ ಪರಿಶೋಧಕರ ಟರ್ನೋವರ್ ಪತ್ರ. ಎಲ್ಲದರಲ್ಲೂ ಹೆಸರಿನ ಸ್ಪೆಲ್ಲಿಂಗ್ ಒಂದೇ ಇರಲಿ. ಡಿಜಿಟಲ್ ಸಹಿಯ ಟೋಕನ್ನನ್ನು ಸೈಬರ್ ಸೆಂಟರ್ ಹುಡುಗನ ಹತ್ತಿರ ಬಿಟ್ಟು ಬರುವ ಅಭ್ಯಾಸ ತುಂಬಾ ಜನಕ್ಕಿದೆ. ಸಹಿ ಮಾಡಿದ ಖಾಲಿ ಚೆಕ್ ಬಿಟ್ಟು ಬರ್ತೀರಾ? ಇಲ್ಲ ಅಲ್ವಾ?

ಇಲ್ಲಿ ನಿಜವಾಗಿ ನೋಡಬೇಕಾದದ್ದು ಎರಡು. ಒಂದು, 'ಇದೇ ಮಾದರಿಯ ಕೆಲಸ' ಅಂದರೆ ಏನು ಅಂತ ಟೆಂಡರ್‌ನಲ್ಲಿ ಬರೆದಿರುತ್ತಾರೆ. ಬಯೋಮೈನಿಂಗ್ ಅನುಭವವೇ ಬೇಕು ಅಂತಿದ್ದರೆ ನಿಮ್ಮ ರಸ್ತೆ ಕೆಲಸದ ಸರ್ಟಿಫಿಕೇಟ್ ನಡೆಯುವುದಿಲ್ಲ. ಜಂಟಿಯಾಗಿ ಹಾಕಲು ಅವಕಾಶ ಇದೆಯಾ ನೋಡಿ. ಅನುಭವದ ಪತ್ರವನ್ನು ಕಮಿಷನ್‌ಗೆ ಕೊಡುವವರು ಸಿಗುತ್ತಾರೆ, ಅವರ ಸಹವಾಸ ಬೇಡ. ಕೊಟ್ಟ ಕಚೇರಿಗೆ ಒಂದು ಪತ್ರ ಬರೆದು ಕೇಳಿದರೆ ಸಾಕು, ಸುಳ್ಳು ಹೊರಗೆ ಬರುತ್ತದೆ, ಹೆಸರು ಕಪ್ಪುಪಟ್ಟಿಗೆ ಹೋಗುತ್ತದೆ. ಎರಡನೆಯದು ಬಿಡ್ ಕೆಪಾಸಿಟಿ, ಅಂದರೆ ನೀವು ಎಷ್ಟು ಮೊತ್ತದ ಕೆಲಸಕ್ಕೆ ಟೆಂಡರ್ ಹಾಕಬಹುದು ಅನ್ನುವ ಮಿತಿ. ಕೆಡಬ್ಲ್ಯು-4 ಅನ್ನುವ ಸರ್ಕಾರಿ ಟೆಂಡರ್ ಪುಸ್ತಕದ ಮಾದರಿಯಲ್ಲಿ ಲೆಕ್ಕ ಹೀಗಿರುತ್ತದೆ: ಕಳೆದ ಐದು ವರ್ಷದಲ್ಲಿ ಒಂದೇ ವರ್ಷ ನೀವು ಮಾಡಿದ ಅತಿ ಹೆಚ್ಚಿನ ಕೆಲಸದ ಮೊತ್ತ, ಗುಣಿಸು ಕೆಲಸದ ಅವಧಿಯ ವರ್ಷ, ಗುಣಿಸು 1.5, ಅದರಲ್ಲಿ ಈಗ ಕೈಯಲ್ಲಿರುವ ಬಾಕಿ ಕೆಲಸದ ಮೊತ್ತ ಕಳೆಯಬೇಕು. ಗುಣಕ ಟೆಂಡರ್‌ನಲ್ಲಿ ಬೇರೆ ಇದ್ದರೆ ಅದನ್ನೇ ಹಿಡಿಯಿರಿ. ಬಾಕಿ ಕೆಲಸ ಮುಚ್ಚಿಡಬೇಡಿ.

ಹಂತ 4: ಗುಡ್ಡ ಅಳೆಯುವುದು

ಎಲ್ಲಾ ಇರುವುದು ಇಲ್ಲೇ.

ಟೆಂಡರ್‌ನಲ್ಲಿ ಇಷ್ಟು ಟನ್ ಕಸ ಅಂತ ಕೊಟ್ಟಿರುತ್ತಾರೆ. ಆ ಅಂಕಿ ಎಲ್ಲಿಂದ ಬಂತು ಅಂತ ಕೇಳಿ. ಸಾಮಾನ್ಯವಾಗಿ ಯಾರೋ ಕನ್ಸಲ್ಟೆಂಟ್ ಡ್ರೋನ್ ಹಾರಿಸಿ ಮೇಲ್ಮೈ ಅಳೆದು, ಘನ ಮೀಟರ್ ತೆಗೆದು, ಅದನ್ನು ಒಂದು ಸಾಂದ್ರತೆಯಿಂದ ಗುಣಿಸಿ ಟನ್ ಮಾಡಿರುತ್ತಾರೆ. ಬೇರೆ ಊರಿನ ವರದಿಯಿಂದ ಸಾಂದ್ರತೆಯನ್ನು ಹಾಗೇ ಎತ್ತಿ ಅಂಟಿಸಿದ್ದೂ ಉಂಟು. ಇದರಿಂದ ಎಷ್ಟು ವ್ಯತ್ಯಾಸ ಆಗುತ್ತದೆ ನೋಡಿ. ಗುಡ್ಡ ಒಂದು ಲಕ್ಷ ಘನ ಮೀಟರ್ ಅಂತ ಇಟ್ಟುಕೊಳ್ಳಿ. ಘನ ಮೀಟರ್‌ಗೆ 0.7 ಟನ್ ಹಿಡಿದರೆ 70 ಸಾವಿರ ಟನ್, 0.9 ಹಿಡಿದರೆ 90 ಸಾವಿರ. ಟನ್‌ಗೆ 550ರಂತೆ ಮೊದಲನೆಯದು 3 ಕೋಟಿ 85 ಲಕ್ಷ, ಎರಡನೆಯದು 4 ಕೋಟಿ 95 ಲಕ್ಷ. ಗುಡ್ಡ ಅದೇ, ವ್ಯತ್ಯಾಸ 1 ಕೋಟಿ 10 ಲಕ್ಷ!

ಡ್ರೋನ್‌ಗೆ ತಳ ಕಾಣುವುದಿಲ್ಲ ಅನ್ನುವುದು ಇನ್ನೊಂದು. ಕಸ ಸುರಿಯುವ ಮೊದಲು ಅಲ್ಲಿ ಹಳ್ಳ ಇತ್ತಾ, ಕಲ್ಲು ಕ್ವಾರಿ ಇತ್ತಾ, ಸಮತಟ್ಟಾದ ಹೊಲ ಇತ್ತಾ? ಇದನ್ನು ಪಕ್ಕದ ಹಳ್ಳಿಯ ವಯಸ್ಸಾದವರ ಹತ್ತಿರ ಕೇಳಿ. ಯಾವ ವರದಿಗಿಂತಲೂ ಸರಿಯಾಗಿ ಹೇಳುತ್ತಾರೆ.

ಆಮೇಲೆ ಗುಂಡಿ. ಪಾಲಿಕೆಯಿಂದಲೋ ನಗರಸಭೆಯಿಂದಲೋ ಲಿಖಿತ ಅನುಮತಿ ತೆಗೆದುಕೊಂಡು, ಬಾಡಿಗೆ ಹಿಟಾಚಿ ಕರೆದುಕೊಂಡು ಹೋಗಿ, ಗುಡ್ಡದ ನೆತ್ತಿಯಲ್ಲಿ, ಅಂಚಿನಲ್ಲಿ, ಹೊಸದಾಗಿ ಸುರಿಯುತ್ತಿರುವ ಕಡೆ, ತೀರಾ ಹಳೆಯ ಮೂಲೆಯಲ್ಲಿ, ಹೀಗೆ ಬೇರೆ ಬೇರೆ ಕಡೆ ತೋಡಿಸಿ. ಎರೆ ಮಣ್ಣಿನ ಸೀಮೆಯಲ್ಲಿ ತಳ ಗುರುತಿಸುವುದು ಸುಲಭ. ಬಕೆಟ್ಟಿಗೆ ಕರಿ ಜಿಗುಟು ಮಣ್ಣು ಅಂಟಿಕೊಂಡು ಬಂತು, ಅದರಲ್ಲಿ ಪ್ಲಾಸ್ಟಿಕ್ ಚೂರು ಇಲ್ಲ ಅಂದರೆ ಮೂಲ ನೆಲ ಸಿಕ್ಕಿತು ಅಂತ. ಚಿತ್ರದುರ್ಗದ ಕಡೆ ಗೊರಚು, ಕಲ್ಲು ಸಿಗುತ್ತದೆ. ಗುಂಡಿಯೊಳಗೆ ಯಾರೂ ಇಳಿಯಬಾರದು. ಒಳಗೆ ಅನಿಲ ಇರುತ್ತದೆ, ಗೋಡೆ ಕುಸಿಯುತ್ತದೆ. ಹೊಗೆಯೋ ಹಬೆಯೋ ಬಂದರೆ ಅಲ್ಲಿ ತೋಡುವುದು ನಿಲ್ಲಿಸಿ, ಜಾಗ ಗುರುತು ಹಾಕಿಕೊಳ್ಳಿ. ಪೇಂಟ್ ಡಬ್ಬ, ರಾಸಾಯನಿಕದ ಡ್ರಮ್ಮು, ಆಸ್ಪತ್ರೆ ಸೂಜಿ ಬಂದರೆ ಅದನ್ನೂ ಬರೆದುಕೊಳ್ಳಿ, ಫೋಟೊ ತೆಗೆಯಿರಿ. ಅಪಾಯಕಾರಿ ತ್ಯಾಜ್ಯ ದಾಬಸ್‌ಪೇಟೆಯಂಥ ಅಧಿಕೃತ ಘಟಕಕ್ಕೇ ಹೋಗಬೇಕು, ಅದರ ಖರ್ಚು ಬೇರೆ, ಅದು ಯಾರದ್ದು ಅಂತ ಟೆಂಡರ್‌ನಲ್ಲಿ ಹುಡುಕಿ.

ತೆಗೆದ ಕಸವನ್ನು ಟಾರ್ಪಾಲಿನ ಮೇಲೆ ರಾಶಿ ಹಾಕಿ. ಚಪ್ಪಟೆ ಮಾಡಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಇಟ್ಟುಕೊಂಡು ಉಳಿದದ್ದು ಬಿಸಾಕಿ. ಮತ್ತೆ ಕಲಸಿ, ಮತ್ತೆ ನಾಲ್ಕು ಭಾಗ. ಹೊರಲು ಆಗುವಷ್ಟು ಉಳಿಯುವ ತನಕ ಹೀಗೇ. ಈಗ ತೂಕ ಮಾಡಿ. ಎರಡು ದಿನ ಬಿಸಿಲಲ್ಲಿ ಒಣಗಿಸಿ ಮತ್ತೆ ತೂಕ ಮಾಡಿ. ಇಳಿದದ್ದು ನೀರು. ಆಮೇಲೆ ಜರಡಿ ಹಿಡಿದು ಮಣ್ಣು, ಪ್ಲಾಸ್ಟಿಕ್ಕು ಬಟ್ಟೆ, ಕಲ್ಲು ಇಟ್ಟಿಗೆ, ಮೂರನ್ನೂ ಬೇರೆ ತೂಗಿ. ಈ ಮೂರು ಅಂಕಿ ಇಲ್ಲದೆ ದರ ಬರೆಯುವವರಿಗೆ ನಾನು ಸಲಹೆ ಕೊಡುವುದೇ ಬಿಟ್ಟಿದ್ದೇನೆ.

ಒಣಗಿಸುವ ಮೊದಲು ಒಂದು ಹಿಡಿ ಸಣ್ಣ ಮಣ್ಣು ತೆಗೆದುಕೊಂಡು ಗಟ್ಟಿಯಾಗಿ ಹಿಚುಕಿ ನೋಡಿ, ಕೈಗೆ ಗ್ಲೌಸ್ ಇರಲಿ. ಉಂಡೆ ಕಟ್ಟಿ, ಬಿಟ್ಟರೂ ಒಡೆಯದಿದ್ದರೆ ಅದು ಟ್ರಾಮೆಲ್‌ನಲ್ಲಿ, ಅಂದರೆ ತಿರುಗುವ ಜರಡಿ ಯಂತ್ರದಲ್ಲಿ, ಜರಡಿ ಆಗುವುದಿಲ್ಲ. ಜರಡಿಯ ಕಣ್ಣೆಲ್ಲಾ ಕಟ್ಟಿಕೊಳ್ಳುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಇದೇ ಕಥೆ. ಹನ್ನೆರಡು ತಿಂಗಳ ಅವಧಿ ಕೊಟ್ಟರೆ ನಿಮಗೆ ಸಿಗುವುದು ಏಳು, ಜಾಸ್ತಿ ಅಂದರೆ ಎಂಟು ತಿಂಗಳು. ಯಂತ್ರದ ಸಾಮರ್ಥ್ಯ ಅದಕ್ಕೆ ತಕ್ಕ ಹಾಗೆ ಇರಬೇಕು.

ಯಂತ್ರ ಅಂದಾಗ ನೆನಪಾಯಿತು. 'ಹದಿನೈದು ದಿನದಲ್ಲಿ ಕಸ ಕರಗುತ್ತದೆ' ಅಂತ ಕ್ಯಾನ್‌ನಲ್ಲಿ ಕಲ್ಚರ್, ಅಂದರೆ ಕಸ ಕೊಳೆಸುವ ಸೂಕ್ಷ್ಮಜೀವಿಗಳ ದ್ರಾವಣ, ಮಾರುವವರು ಬರುತ್ತಾರೆ. ಮಾರ್ಗಸೂಚಿ ಹೇಳುವುದು ಕಸವನ್ನು ಉದ್ದ ಸಾಲಾಗಿ ಹಾಕಿ, ಕಲ್ಚರ್ ಸಿಂಪಡಿಸಿ, ವಾರಕ್ಕೊಮ್ಮೆಯಂತೆ ಮಗುಚಿ, ಶಾಖ ಇಳಿದು ಸ್ಥಿರವಾದ ಮೇಲೆ ಜರಡಿ ಹಿಡಿಯಿರಿ ಅಂತ. ಮಗುಚದೆ ಬರೀ ಸಿಂಪಡಿಸಿದರೆ ಸುಮ್ನೆ ದುಡ್ಡು ದಂಡ. ಪ್ಲಾಸ್ಟಿಕ್ಕಂತೂ ಯಾವ ಕಲ್ಚರ್‌ಗೂ ಕರಗುವುದಿಲ್ಲ. ತೆಳು ಮೆಶ್ ಹಾಕಿ ಬಣ್ಣ ಬಳಿದು ಕೊಡುವ ಅಗ್ಗದ ಟ್ರಾಮೆಲ್ಲೂ ಬೇಡ.

ಹಂತ 5: ಪ್ಲಾಸ್ಟಿಕ್ ಎಲ್ಲಿಗೆ ಹೋಗುತ್ತದೆ?

ಮಣ್ಣು ತಗ್ಗು ತುಂಬಲು ಹೋಗುತ್ತದೆ, ಕಲ್ಲು ಇಟ್ಟಿಗೆಗೂ ದಾರಿ ಇದೆ. ಸಾಯಿಸುವುದು ಆರ್‌ಡಿಎಫ್, ಅಂದರೆ ಸುಡಲು ಬರುವ ಪ್ಲಾಸ್ಟಿಕ್ಕು, ಬಟ್ಟೆ, ಚಪ್ಪಲಿ, ರೆಕ್ಸಿನ್. ಸುಟ್ಟರೆ ಕೆಜಿಗೆ 1,500 ಕಿಲೊ ಕ್ಯಾಲೊರಿ ಅಥವಾ ಅದಕ್ಕಿಂತ ಹೆಚ್ಚು ಶಾಖ ಕೊಡುವುದನ್ನು ಹೂಳುವ ಹಾಗಿಲ್ಲ ಅಂತ 2016ರ ಘನತ್ಯಾಜ್ಯ ನಿಯಮವೇ ಹೇಳಿತ್ತು. ಹಾಗಾಗಿ ಅದನ್ನು ಗೂಡಿನಲ್ಲಿ ಇಂಧನವಾಗಿ ಸುಡುವ ಸಿಮೆಂಟ್ ಕಾರ್ಖಾನೆಯೇ ಗತಿ. ದೊಡ್ಡ ಗೂಡುಗಳಿರುವುದು ವಾಡಿ, ಮಳಖೇಡ, ಸೇಡಂ ಕಡೆ. ದಾವಣಗೆರೆಯಿಂದ ಮುನ್ನೂರು ಕಿಲೊಮೀಟರ್ ಮೀರಿದ ದಾರಿ. ಬಾಗಲಕೋಟೆ ಸ್ವಲ್ಪ ಹತ್ತಿರ.

ಲೆಕ್ಕ ಹಾಕೋಣ. 70 ಸಾವಿರ ಟನ್‌ನಲ್ಲಿ ಶೇ 15 ಆರ್‌ಡಿಎಫ್ ಅಂದರೆ 10,500 ಟನ್. ಲೋಡಿಂಗ್, ಬಾಡಿಗೆ ಸೇರಿ ಟನ್‌ಗೆ 1,000 ರೂಪಾಯಿ ಅಂತ ಹಿಡಿದರೂ 1 ಕೋಟಿ 5 ಲಕ್ಷ. ಒಟ್ಟು ಕಸದ ಮೇಲೆ ಹಂಚಿದರೆ ಪ್ರತಿ ಟನ್‌ಗೆ 150 ರೂಪಾಯಿ ಇದಕ್ಕೇ ಹೋಯಿತು. ಆರ್‌ಡಿಎಫ್ ಹಗುರ, ಲಾರಿ ತುಂಬಿದ ಹಾಗೆ ಕಾಣುತ್ತದೆ, ತೂಕ ನೋಡಿದರೆ ಅರ್ಧವೂ ಇರುವುದಿಲ್ಲ, ಬಾಡಿಗೆ ಮಾತ್ರ ಪೂರ್ತಿ. ಅದನ್ನು ಒತ್ತಿ ಬಿಗಿಯಾಗಿ ಕಟ್ಟುವ ಬೇಲಿಂಗ್ ಯಂತ್ರ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಕಾರ್ಖಾನೆಯವರು ತೇವ, ಮಣ್ಣು ಜಾಸ್ತಿ ಇದ್ದರೆ ಲೋಡನ್ನೇ ವಾಪಸ್ ಕಳಿಸುತ್ತಾರೆ. ಟೆಂಡರ್ ಹಾಕುವ ಮೊದಲೇ ಸ್ಯಾಂಪಲ್ ಕಳಿಸಿ, ತೆಗೆದುಕೊಳ್ಳುತ್ತೇವೆ ಅಂತ ಅವರಿಂದ ಪತ್ರ ತರಿಸಿಕೊಳ್ಳಿ. 'ಅಲ್ಲೇ ಎಲ್ಲಾದರೂ ಹೊಲದಲ್ಲಿ ಸುರಿದರಾಯಿತು' ಅನ್ನುವ ಶಾರ್ಟ್‌ಕಟ್ ಹೇಳುವವರಿದ್ದಾರೆ. ಕೇಸು ಬೀಳುವುದು ನಿಮ್ಮ ಮೇಲೆ, ಹೇಳಿದವರ ಮೇಲಲ್ಲ.

ಸಣ್ಣ ಮಣ್ಣನ್ನು ಗೊಬ್ಬರ ಅಂತ ರೈತರಿಗೆ ಮಾರುವ ಲೆಕ್ಕವನ್ನೂ ಬಿಡಿ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಎಷ್ಟಿದೆ ಅಂತ ಲ್ಯಾಬ್ ವರದಿ ಬರದೆ ಯಾರ ಹೊಲಕ್ಕೂ ಕೊಡಬಾರದು. ಗಾಜಿನ ಚೂರು ಇರುವ ಮಣ್ಣನ್ನು ಭತ್ತದ ಗದ್ದೆಗೆ ಹಾಕಿ, ಬರಿಗಾಲಲ್ಲಿ ನಾಟಿ ಮಾಡುವವರ ಗತಿ ಏನು?

ಹಂತ 6: ಪ್ರೀ ಬಿಡ್ ಸಭೆ

ಟೆಂಡರ್ ಹಾಕುವ ಮೊದಲು ಅನುಮಾನ ಕೇಳಲು ಕಚೇರಿಯವರು ಕರೆಯುವ ಸಭೆ ಇದು, ತಪ್ಪದೆ ಹೋಗಿ. ಚಹಾ ಕುಡಿದು ಬರುವುದಕ್ಕಲ್ಲ. ಪ್ರಶ್ನೆಗಳನ್ನು ಬರೆದು ಕೊಟ್ಟು, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ಬಿಲ್ಲು ಅಗೆದ ಕಸದ ತೂಕಕ್ಕೋ, ಜರಡಿ ಆದ ಮೇಲಿನ ತೂಕಕ್ಕೋ? ಒಣಗಿ ಇಳಿಯುವ ತೂಕ ಯಾರ ನಷ್ಟ? ಲಾರಿ ತೂಗುವ ವೇಬ್ರಿಡ್ಜ್ ಯಾರದ್ದು, ಕೆಟ್ಟರೆ ಅಳತೆ ಹೇಗೆ? ಕೆಲಸಕ್ಕೆ ಮೊದಲು ಜಂಟಿ ಸರ್ವೆ ಮಾಡಿ ಎಂ ಬುಕ್‌ನಲ್ಲಿ (ಅಳತೆ ಪುಸ್ತಕದಲ್ಲಿ) ಬರೆಯುತ್ತೀರಾ? ದಿನಾ ಬರುವ ಹೊಸ ಕಸ ಎಲ್ಲಿ ಹಾಕುತ್ತೀರಿ? ಈ ಕೊನೇದನ್ನು ಬಿಡಲೇಬೇಡಿ. ನೀವು ಒಂದು ಕಡೆ ಕರಗಿಸುತ್ತಿದ್ದರೆ ಇನ್ನೊಂದು ಕಡೆ ಆಟೊ ಟಿಪ್ಪರ್ ಸುರಿಯುತ್ತಿರುತ್ತದೆ, ವರ್ಷದ ಕೊನೆಗೆ ಗುಡ್ಡ ಹಾಗೇ ಇರುತ್ತದೆ, ಕೆಲಸ ಮಾಡಿಲ್ಲ ಅಂತ ನೋಟಿಸ್ ಬರುವುದು ನಿಮಗೆ. ಎಂಜಿನಿಯರ್ ಸಾಹೇಬರು 'ನೋಡ್ಕೊಳ್ಳೋಣ ಬಿಡಿ' ಅಂದದ್ದು ಆಡಿಟ್‌ನಲ್ಲಿ ನಿಲ್ಲುವುದಿಲ್ಲ. ಅವರಿಗೆ ವರ್ಗವೂ ಆಗಿರುತ್ತದೆ.

ಹಂತ 7: ದರ, ಅಪ್‌ಲೋಡ್

ಅಗೆತ, ಮಗುಚುವುದು, ಜರಡಿ, ಸಾಗಣೆ, ಲ್ಯಾಬ್, ಬೆಂಕಿ ನಂದಿಸುವ ಟ್ಯಾಂಕರ್, ಕೂಲಿಯವರ ಬೂಟು, ಗ್ಲೌಸು, ಮಾಸ್ಕು, ಮಳೆಗಾಲದಲ್ಲಿ ನಿಂತ ಯಂತ್ರದ ಕಂತು, ಎಲ್ಲಾ ಬೇರೆ ಬೇರೆ ಬರೆದು ಕೂಡಿ. ದರ ಜಿಎಸ್‌ಟಿ ಸೇರಿಸಿಯೋ ಬಿಟ್ಟೋ ಅಂತ ಎರಡು ಸಲ ಓದಿ. ಬಿಲ್ಲಿನಲ್ಲಿ ಶೇ 2 ಜಿಎಸ್‌ಟಿ ಟಿಡಿಎಸ್, ಜೊತೆಗೆ ಆದಾಯ ತೆರಿಗೆ ಟಿಡಿಎಸ್ ಮುರಿಯುತ್ತಾರೆ. ವಾಪಸ್ ಹೊಂದಿಸಿಕೊಳ್ಳಬಹುದು, ಆದರೆ ಅಲ್ಲಿಯವರೆಗೆ ಕೈ ಖಾಲಿ. ಎದುರಿನವನು ಶೇ 25 ಕಡಿಮೆ ಹಾಕಿದ ಅಂತ ನೀವೂ ಇಳಿಯಬೇಡಿ. ತೀರಾ ಕಡಿಮೆ ಹಾಕಿದವರಿಂದ ಹೆಚ್ಚುವರಿ ಭದ್ರತಾ ಠೇವಣಿ ಕೇಳಬಹುದು, ಆಗ ಲಾಭದ ಜೊತೆ ಬಂಡವಾಳವೂ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

ಇಎಂಡಿಯನ್ನು, ಅಂದರೆ ಟೆಂಡರ್ ಜೊತೆ ಇಡುವ ಠೇವಣಿಯನ್ನು, ಎರಡು ದಿನ ಮೊದಲೇ ಕಟ್ಟಿ, ಕೊನೇ ದಿನ ಸರ್ವರ್ ನಂಬಬೇಡಿ. ಅನುಭವ, ಅರ್ಹತೆಯ ಪತ್ರಗಳಿರುವ ತಾಂತ್ರಿಕ ಲಕೋಟೆಯಲ್ಲಿ ಎಲ್ಲೂ ದರ ನಮೂದಿಸಬೇಡಿ. ಅಷ್ಟೇ.

ಹಂತ 8: ತಿರಸ್ಕಾರವಾದರೆ

ಕಾರಣ ಲಿಖಿತವಾಗಿ ಕೇಳಿ. ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆಗೆ ಇರುವ ರಾಜ್ಯದ ಕೆಟಿಪಿಪಿ ಕಾಯ್ದೆಯ 16ನೇ ಕಲಂ ಪ್ರಕಾರ ಆದೇಶ ಕೈಸೇರಿದ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಕಾರ್ಪೊರೇಟರ್ ಮನೆಗೆ ಅಲೆಯುವುದರಲ್ಲಿ ಈ ಮೂವತ್ತು ದಿನ ಕಳೆದವರೇ ಜಾಸ್ತಿ. ಮೊದಲು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ, ಅಲೆಯುವುದಿದ್ದರೆ ಆಮೇಲೆ ಅಲೆಯಿರಿ.