ಆಟಿ ಮಳೆಗೂ ಕೆಸರಾಗದ ಕುಳಿಕಳರಿ: ನನ್ನ ಅನುಭವ

ಕಳೆದ ಆಟಿಯಲ್ಲಿ (ಜುಲೈ-ಆಗಸ್ಟಿನ ಮಳೆ ತಿಂಗಳು) ನನ್ನ ಕಳರಿಯ, ಅಂದ್ರೆ ಕೇರಳದ ಸಮರಕಲೆ ಕಳರಿಪಯಟ್ಟು ಕಲಿಸುವ ಜಾಗದ, ನೆಲ ಒಂದೇ ಒಂದು ದಿನವೂ ಕೆಸರಾಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕಂದ್ರೆ ಮೂರು ವರ್ಷ ಈ ಗುಂಡಿ ನೋಡಿ ನಕ್ಕವರಲ್ಲಿ ಅರ್ಧ ಜನ ಇದನ್ನು ಓದುತ್ತಾರೆ ಅಂತ ಗೊತ್ತು.

ನಮ್ಮದು ಕಾಸರಗೋಡಿನ ಬದಿಯಡ್ಕ ಕಡೆ. ಅಡಿಕೆ ತೋಟ, ಮನೆಯಲ್ಲಿ ಕನ್ನಡ, ಕಳರಿಯಲ್ಲಿ ಮಲಯಾಳ. ನಾನು ಕಲಿತದ್ದು ಉತ್ತರ ಕೇರಳದ ವಡಗರದ ಹತ್ತಿರ, ಹನ್ನೊಂದು ವರ್ಷ. ಊರಿಗೆ ಬಂದು ಶಾಲೆಯ ಹಳೇ ಜಗಲಿಯಲ್ಲಿ ಸಿಮೆಂಟ್ ನೆಲದ ಮೇಲೆ ಮಕ್ಕಳಿಗೆ ಹೇಳಿಕೊಡುತ್ತಿದ್ದೆ. ಇರುತ್ತಿಕ್ಕಾಲ್ (ಕಾಲೆತ್ತಿ ಒದ್ದು ನೆಲಕ್ಕೆ ಕೂರುವುದು) ಹಾಕಿಸಿದರೆ ತೊಡೆ ತರಚಿಕೊಂಡು ಹೋಗುವವರೇ ಎಲ್ಲ. ನನ್ನ ಹಿಮ್ಮಡಿಯೂ ಹೋಗಿತ್ತು. ಸರಿಯಾದ ಕುಳಿಕಳರಿ, ಅಂದ್ರೆ ನೆಲ ಅಗೆದು ಗುಂಡಿಯಲ್ಲಿ ಮಾಡುವ ಕಳರಿ, ಮಾಡಲೇಬೇಕು ಅಂತ ಹಟ ಹಿಡಿದೆ.

ಒಬ್ಬ ಗುತ್ತಿಗೆದಾರರು ಬಂದು ನೋಡಿ, ಕಾಂಕ್ರೀಟ್ ಹಾಲ್, ಮೇಲೆ ರಬ್ಬರ್ ಮ್ಯಾಟ್, ಒಂಬತ್ತು ಲಕ್ಷ ಅಂದರು. ಅಣ್ಣನಿಗೆ ಅದೇ ಇಷ್ಟ. ಖೇಲೋ ಇಂಡಿಯಾ ಕ್ರೀಡಾಕೂಟಕ್ಕೆ ಕಳರಿಪಯಟ್ಟು ಸೇರಿದ ಮೇಲೆ ಮಕ್ಕಳ ಅಪ್ಪಂದಿರೂ "ಮ್ಯಾಟ್ ಹಾಕಿ ಮಾಷ್ಟ್ರೇ" ಅನ್ನೋಕೆ ಶುರು ಮಾಡಿದ್ದರು. ನನ್ನ ಗುರು, ಗುರುಕ್ಕಳ್, ಮಾತ್ರ ಮ್ಯಾಟ್ ಬೇಡ ಅಂದರು, ಗುಂಡಿಯೂ ಬೇಡ ಅಂದರು. ನಮ್ಮ ಗುಡ್ಡೆಯ ತಟ್ಟು ನೋಡಿ ಅವರು ಹೇಳಿದ್ದು ಇಷ್ಟೇ: "ಮೋನೇ, ವೆಳ್ಳಂ ಕೇರುಂ. ನೋಕ್ಕಿಕ್ಕೋ." ನೀರು ನುಗ್ಗುತ್ತೆ, ನೋಡ್ತಾ ಇರು.

ನುಗ್ಗಿತು.

ಅಳತೆ ಕಳರಿಯವರಿಗೆಲ್ಲ ಗೊತ್ತಿರೋದೇ, ನಾಲ್ಪತ್ತೀರಡಿ. ಉದ್ದ 42 ಅಡಿ ಪೂರ್ವ-ಪಶ್ಚಿಮ, ಅಗಲ 21, ಬಾಗಿಲು ಪೂರ್ವಕ್ಕೆ, ಪೂತ್ತರ (ದೇವರ ಮೆಟ್ಟಿಲು ಪೀಠ) ಕನ್ನಿಮೂಲೆಯಲ್ಲಿ, ಅಂದ್ರೆ ನೈರುತ್ಯಕ್ಕೆ. ನಾನು ಮೊದಲ ತಪ್ಪು ಮಾಡಿದ್ದು ದಿಕ್ಕಿನಲ್ಲಿ. ಮೊಬೈಲಿನ ದಿಕ್ಸೂಚಿ ಹಿಡಿದು ಜೆಸಿಬಿ ಪಕ್ಕದಲ್ಲೇ ನಿಂತು ಗೆರೆ ಎಳೆದೆ. ಅಷ್ಟು ಕಬ್ಬಿಣದ ಪಕ್ಕ ಅದು ಸರಿ ತೋರಿಸುತ್ತಾ? ಸಂಜೆ ಗೂಟ ನೆಟ್ಟು ನೆರಳು ನೋಡಿದರೆ ಗೆರೆ ಚೆನ್ನಾಗಿಯೇ ವಾಲಿತ್ತು. ಪುಣ್ಯಕ್ಕೆ ಎರಡು ಬಕೆಟ್ ಮಣ್ಣು ಮಾತ್ರ ತೆಗೆದಿತ್ತು. ಮರುದಿನ ಬೆಳಿಗ್ಗೆಯಿಂದ ನೆರಳಿನ ತುದಿಗೆ ಕಲ್ಲಿಟ್ಟು ಗೆರೆ ಸರಿ ಮಾಡಿಕೊಂಡೆ.

ಎರಡನೇ ತಪ್ಪು ದೊಡ್ಡದು. ವಡಗರದ ಸುತ್ತಿನ ಕಡತ್ತನಾಡಿನ ಕಡೆ ನಾನು ನೋಡಿದ ಒಂದು ಹಳೇ ಕಳರಿ ಆರು ಅಡಿ ಆಳ ಇತ್ತು. ನನಗೂ ಅಷ್ಟೇ ಬೇಕು ಅಂತ ಆರಡಿ ತೆಗೆಸಿದೆ. ಮುರಕಲ್ಲಿನ (ಜಂಬಿಟ್ಟಿಗೆ) ಗುಡ್ಡೆ, ಹದಿನೆಂಟು ಗಂಟೆ ಜೆಸಿಬಿ, ಇಪ್ಪತ್ತು ಸಾವಿರದ ಹತ್ತಿರ ಹೋಯಿತು. ಏಪ್ರಿಲ್‌ನಲ್ಲಿ ಗೋಡೆ ಚಾಕುವಿನಲ್ಲಿ ಕೊಯ್ದ ಹಾಗೆ ನಿಂತಿತ್ತು, ಫೋಟೊ ತೆಗೆದು ಎಲ್ಲರಿಗೂ ಕಳಿಸಿದ್ದೆ. ಜೂನ್ ಎರಡನೇ ವಾರ ನಾಲ್ಕೂವರೆ ಅಡಿಯಲ್ಲಿ ಒರತೆ ಎದ್ದಿತು. ಮೊಣಕಾಲು ನೀರು. ಕಪ್ಪೆಗಳು ಆಗಲೇ ಮೆಯ್ತಾರಿ (ಮೈ ಪಳಗಿಸುವ ಕಸರತ್ತು) ಶುರು ಮಾಡಿದ್ದವು. ಅಮ್ಮ ಬಂದು ಇಣುಕಿ, "ಇದಕ್ಕೆ ಮೀನು ಬಿಡು ಮಾರಾಯ" ಅಂದು ಹೋದರು.

ಮಳೆ ಬಿಟ್ಟ ಮೇಲೆ ಎರಡೂವರೆ ಅಡಿ ಮಣ್ಣು ವಾಪಸ್ ತುಂಬಿದೆ, ಅಂದ್ರೆ ಮೂರೂವರೆ ಅಡಿಗೆ ಬಂದೆ. ಆದರೆ ಅವಸರದಲ್ಲಿ ಸುಮ್ನೆ ಸುರಿದು ಮೇಲಿಂದ ಸ್ವಲ್ಪ ಬಡಿದದ್ದು. ಜೊತೆಗೆ ಅತಿ ಬುದ್ಧಿವಂತಿಕೆ: ಕೆಳಗಿನ ನೀರು ಮೇಲೆ ಬರದ ಹಾಗೆ ದಪ್ಪ ಟಾರ್ಪಾಲ್ ಹಾಸಿ ಅದರ ಮೇಲೆ ನೆಲ ಮಾಡಿದೆ. ಹದಿನಾಲ್ಕು ಸಾವಿರ. ಮುಂದಿನ ಮಳೆಗೆ ನೀರು ಕೆಳಗಿಂದ ಬರಲಿಲ್ಲ, ಪಕ್ಕದ ಗೋಡೆಯಿಂದ ಬಂತು. ಬಂದದ್ದು ಟಾರ್ಪಾಲಿನ ಮೇಲೆ ನಿಂತಿತು, ತಟ್ಟೆಯಲ್ಲಿ ಪಾಯಸ ನಿಂತ ಹಾಗೆ. ಕೆಳಗೆ ತುಂಬಿದ ಮಣ್ಣು ಕುಸಿದು ನಡುವೆ ಒಂದು ಗೇಣು ತಗ್ಗಾಯಿತು. ಪೂತ್ತರದ ಏಳು ಮೆಟ್ಟಿಲಲ್ಲಿ ನಾಲ್ಕು ಬಿರುಕು ಬಿಟ್ಟವು. ಆ ದಿನ ನಿಜವಾಗಿ ಸಾಕಾಗಿತ್ತು. ಗುತ್ತಿಗೆದಾರರ ನಂಬರ್ ಒತ್ತಿ, ರಿಂಗ್ ಆಗುವ ಮೊದಲೇ ಕಟ್ ಮಾಡಿದೆ.

ಉಪಾಯ ಹೊಳೆದದ್ದು ಕಳರಿಯಲ್ಲಿ ಅಲ್ಲ, ತೋಟದಲ್ಲಿ. ಅಡಿಕೆ ಬುಡದಲ್ಲಿ ನೀರು ನಿಂತರೆ ನಾವು ಏನು ಮಾಡುತ್ತೇವೆ? ಬುಡಕ್ಕೆ ಪ್ಲಾಸ್ಟಿಕ್ ಹಾಸುತ್ತೇವಾ? ಕಣಿ, ಅಂದ್ರೆ ನೀರು ಬಸಿಯುವ ಚರಂಡಿ, ತೆಗೆಯುತ್ತೇವೆ, ಅಲ್ವಾ. ಅಪ್ಪನ ಕಾಲದಿಂದ ಮಾಡಿದ ಕೆಲಸ ಗುಂಡಿ ಅಂದ ಕೂಡಲೇ ಮರೆತುಹೋಗಿತ್ತು. ಗುಡ್ಡೆಯ ಬದಿಗೆ, ಗೋಡೆಯಿಂದ ನಾಲ್ಕಡಿ ಬಿಟ್ಟು, ಆರಡಿ ಆಳದ ಕಣಿ ತೆಗೆಸಿದೆ. ಕಳರಿಯ ನೆಲಕ್ಕಿಂತ ಎರಡೂವರೆ ಅಡಿ ಕೆಳಗೆ ಅದರ ತಳ. ಮೂರು ಬದಿ ಸುತ್ತಿ, ತಗ್ಗಿನ ಕಡೆಯಿಂದ ತೋಟದ ನೀರು ಬಸಿದು ಹೋಗುವ ಉಜಿರುಕಣಿಗೆ ಬಿಟ್ಟೆ. ತಳಕ್ಕೆ ಕಾಡುಕಲ್ಲು, ಮೇಲೆ ಮುರಕಲ್ಲಿನ ಚೂರು. ಇಬ್ಬರು ಆಳು, ಒಂಬತ್ತೋ ಹತ್ತೋ ದಿನ, ಹದಿನೆಂಟು ಸಾವಿರ. ಗುಂಡಿಗೆ ಬರುವ ನೀರು ಮೊದಲು ಕಣಿಗೆ ಬೀಳುತ್ತದೆ, ಅಲ್ಲಿಂದಲೇ ಹೋಗುತ್ತದೆ. ಇಷ್ಟೇ ವಿಷಯ. ಇದಕ್ಕೆ ನನಗೆ ಎರಡು ಮಳೆಗಾಲ ಬೇಕಾಯಿತು.

ಮೂರೂವರೆ ಅಡಿ ಆಳ ಸಾಲದು ಅನ್ನೋರಿಗೆ: ತೆಗೆದ ಮಣ್ಣನ್ನೇ ಸುತ್ತ ಏರಿ ಕಟ್ಟಿ, ಮೇಲೆ ನಾಲ್ಕು ವರಸೆ ಮುರಕಲ್ಲು ಇಟ್ಟೆ. ನಾನೂರು ಚಿಲ್ಲರೆ ಕಲ್ಲು, ಒಂದಕ್ಕೆ 45ರಂತೆ. ಒಳಗೆ ನಿಂತರೆ ತಲೆಯವರೆಗೂ ಗೋಡೆ. ಎಣ್ಣೆ ಹಚ್ಚಿದ ಮೈಗೆ ಗಾಳಿ ಬಡಿಯುವುದಿಲ್ಲ.

ಇನ್ನು ನೆಲ. ಟಾರ್ಪಾಲ್ ಕಿತ್ತು ಮಣ್ಣನ್ನೆಲ್ಲ ಮತ್ತೆ ತೆಗೆದು ಅರ್ಧರ್ಧ ಅಡಿಗೆ ದಿಮ್ಮಸು ಹಾಕಿಸಿ ಬಂದೆ. ಮೇಲಿನ ಆರು ಇಂಚು ಮಾತ್ರ ನನ್ನ ಸ್ವಂತ ಪಾಕ. ಮೊದಲು ಬರೀ ಕೆಂಪು ಮಣ್ಣು ಹಾಕಿ ನೋಡಿದೆ. ಬೆವರು, ಎಣ್ಣೆ ಬಿದ್ದಲ್ಲಿ ಜಾರುತ್ತದೆ, ಫೆಬ್ರವರಿಯಲ್ಲಿ ಧೂಳು ಏಳುತ್ತದೆ. ಸೆಗಣಿ ಸಾರಿಸಿದರೆ ಎರಡು ದಿನ ಚೆಂದ, ಆಮೇಲೆ ಹಿಮ್ಮಡಿ ತಿರುಗಿಸಿದ ಕಡೆಯೆಲ್ಲ ಹಪ್ಪಳದ ಹಾಗೆ ಎದ್ದು ಬರುತ್ತದೆ. ಮೈಸೂರಿನ ಗರಡಿಯ ಗೆಳೆಯನೊಬ್ಬ ಅವರ ಪಾಕ ಹೇಳಿದ: ಮಜ್ಜಿಗೆ, ಎಣ್ಣೆ, ಅರಿಶಿನ. ಒಂದು ಮೂಲೆಯಲ್ಲಿ ಮಾಡಿ ನೋಡಿದೆ. ಅದು ಬಿದ್ದರೆ ಪೆಟ್ಟಾಗದ ಮೆತ್ತಗಿನ ಮಣ್ಣು, ಕುಸ್ತಿಗೆ ಸರಿ. ನಮಗೆ ನೇರ್ಕಾಲ್ (ನೇರ ಒದೆ) ಎತ್ತಿ ಇಳಿಸುವಾಗ ನಿಂತ ಕಾಲು ಹೂತು ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ ಇರುವೆ ಬಂತು. ಎಷ್ಟು ಇರುವೆ ಅಂದ್ರೆ ಸರ್ಪವಡಿವು (ಹಾವಿನ ಭಂಗಿ) ಹಿಡಿದ ಹುಡುಗ ನಿಜವಾದ ಸರ್ಪದ ಹಾಗೆಯೇ ಹೊರಳಾಡಿದ.

ಧೂಳಿಗೆ ಉಪ್ಪುನೀರು ಚಿಮುಕಿಸಿದ್ದು ಇನ್ನೊಂದು ಪ್ರಯೋಗ. ಅದು ಕೆಲಸ ಮಾಡಿತು, ಸುಳ್ಳು ಹೇಳುವುದಿಲ್ಲ. ಆದರೆ ಹಿಮ್ಮಡಿ ಒಡೆದ ಮಕ್ಕಳು ಉರಿ ಅಂತ ಕೂಗಿದರು. ನಿಲ್ಲಿಸಿದೆ.

ಈಗ ಇರುವುದು ಹೀಗೆ: ಜರಡಿ ಹಿಡಿದ ಕೆಂಪು ಮಣ್ಣು ಐದು ಬುಟ್ಟಿ, ಹುತ್ತದ ಮಣ್ಣು ಎರಡು, ಮುರಕಲ್ಲಿನ ಸಣ್ಣ ಪುಡಿ ಒಂದು. ನಾಲ್ಕನೆಯದು ಒಂದಿದೆ, ಅದು ನಮ್ಮ ಹಿತ್ತಲಲ್ಲೇ ಸಿಗುತ್ತದೆ, ಹೇಳುವುದಿಲ್ಲ. ಎಷ್ಟು ದಿನ ನೆನೆಹಾಕಬೇಕು ಅನ್ನೋದನ್ನೂ ಹೇಳುವುದಿಲ್ಲ. ಹದ ನೋಡುವುದು ಮಾತ್ರ ಹೇಳುತ್ತೇನೆ. ಕಲಸಿದ ಮಣ್ಣನ್ನು ಮುಷ್ಟಿಯಲ್ಲಿ ಉಂಡೆ ಹಿಚುಕಿ ಸೊಂಟದ ಎತ್ತರದಿಂದ ಕೆಳಗೆ ಬಿಡಿ. ಎರಡು ಮೂರು ತುಂಡಾದರೆ ಸರಿ. ಪುಡಿಯಾದರೆ ನೀರು ಕಡಿಮೆ. ಬಿದ್ದಲ್ಲೇ ಚಪ್ಪಟೆಯಾಗಿ ಕೂತರೆ ನೀರು ಜಾಸ್ತಿ, ಆ ದಿನ ಕೆಲಸ ಬಿಟ್ಟು ಚಹಾ ಕುಡಿಯಿರಿ. ಎರಡೆರಡು ಇಂಚಿನ ಮೂರು ಪದರ, ಪ್ರತಿ ಪದರಕ್ಕೂ ದಿಮ್ಮಸು. ಕೊನೆಯದಕ್ಕೆ ಸಂಜೆ ಬಿಸಿಲು ಇಳಿದ ಮೇಲೆ ಹಲಗೆಯಲ್ಲಿ ತಟ್ಟುವುದು. ಆಮೇಲೆ 21 ದಿನ ಯಾರನ್ನೂ ಇಳಿಸಲಿಲ್ಲ, ಬೆಕ್ಕು ಒಂದು ಬಿಟ್ಟು. ಅದರ ಹೆಜ್ಜೆ ಇನ್ನೂ ಗುರುತ್ತರದ (ಗುರುಗಳ ಪೀಠ) ಪಕ್ಕ ಇದೆ. ಬೆಕ್ಕಿನ ಭಂಗಿ ಮಾರ್ಜಾರವಡಿವು ಕಲಿಸುವಾಗ ಅದನ್ನೇ ತೋರಿಸುತ್ತೇನೆ.

ಮಾಡಿನ, ಅಂದ್ರೆ ಸೂರಿನ ವಿಷಯ. ಬರೀ ಮಡಲು (ಹೆಣೆದ ತೆಂಗಿನ ಗರಿ) ಹಾಕಿದರೆ ವರ್ಷ ವರ್ಷ ಹೊದೆಸಬೇಕು. ಹಳೇ ಶೀಟ್ 45 ಸಾವಿರಕ್ಕೆ ಸಿಕ್ಕಿತು ಅಂತ ಹೊದೆಸಿದೆ. ಮಳೆ ಬಿದ್ದಾಗ ಗೊತ್ತಾಯಿತು. ನಾನು ವಾಯ್ತಾರಿ (ಬಾಯಲ್ಲಿ ಕೊಡುವ ಆಜ್ಞೆ) ಹೇಳುತ್ತಿದ್ದೇನೆ, ಮಕ್ಕಳಿಗೆ ನನ್ನ ಬಾಯಿ ಅಲ್ಲಾಡುವುದು ಮಾತ್ರ ಕಾಣುತ್ತಿದೆ. ಅರ್ಧ ಜನ ವಲತ್ತು (ಬಲಕ್ಕೆ) ತಿರುಗಿದರು, ಅರ್ಧ ಜನ ಇಡತ್ತು (ಎಡಕ್ಕೆ), ಇಬ್ಬರ ಹಣೆ ಡಿಕ್ಕಿ. ಈಗ ಶೀಟಿನ ಮೇಲೆ ಮಡಲು ಕಟ್ಟಿದ್ದೇನೆ. ಸದ್ದು ನಿಂತಿತು, ಸೆಕೆಯೂ ಕಡಿಮೆ. ವರ್ಷಕ್ಕೆ ಏಳೆಂಟು ಸಾವಿರ ಅದಕ್ಕೆ ಇಡಬೇಕು.

ಮಾಡಿನ ಪಕ್ಕಾಸಿಗೆ ತೋಟದ ಅಡಿಕೆ ಮರ ಕಡಿದಿದ್ದೆ. ಉಳಿದದ್ದರಲ್ಲಿ ಕೆಟ್ಟುಕಾರಿ (ಉದ್ದ ಕೋಲು) ಮಾಡಿದರೆ ಹೇಗೆ ಅಂತ ತಲೆ ಓಡಿತು. ಬೆತ್ತಕ್ಕೆ ದುಡ್ಡು ಕೊಡುವುದು ಯಾಕೆ ಅಂತ. ನಾಲ್ಕು ಕೋಲು ಕೆತ್ತಿ, ಉಜ್ಜಿ, ಎಣ್ಣೆ ಕುಡಿಸಿದೆ. ನೋಡಲು ಕಪ್ಪು ಮಿಂಚು. ಮೂರನೇ ದಿನ ಜೋರಾಗಿ ತಾಗಿದಾಗ ನಾರು ಎದ್ದು ನನ್ನ ಅಂಗೈಗೇ ಹೊಕ್ಕಿತು. ಗಿಡ್ಡ ಕೋಲು ಮುಚ್ಚಾಣ್‌ಗೂ ಆಗುವುದಿಲ್ಲ. ಬೆತ್ತವೇ ತನ್ನಿ.

ಎಲ್ಲ ಸೇರಿ ಎರಡೂವರೆ ಲಕ್ಷದ ಆಸುಪಾಸು. ಅದರಲ್ಲಿ ಅರವತ್ತು ಸಾವಿರ ಶುದ್ಧ ದಡ್ಡತನದ ಖರ್ಚು. ಹಾಗಿದ್ದರೂ ಒಂಬತ್ತು ಲಕ್ಷ ಎಲ್ಲಿ, ಇದೆಲ್ಲಿ?

ಗುರುಕ್ಕಳ್ ಕರ್ಕಾಟಕದ (ಮಲಯಾಳದಲ್ಲಿ ಆಟಿಯ ಹೆಸರು) ಮಧ್ಯೆ, ಮೂರು ದಿನ ಬಿಡದೆ ಸುರಿದ ಮೇಲೆ ಬಂದರು. ನಾನು ಬೇಕು ಅಂತಲೇ ಆಗ ಕರೆದದ್ದು. ಬಲಗಾಲಿಟ್ಟು ಇಳಿದರು, ನೆಲ ಮುಟ್ಟಿ ಹಣೆಗೆ ಒತ್ತಿಕೊಂಡರು. ಪೂತ್ತರಕ್ಕೆ ಕೈ ಮುಗಿದು, ಗೋಡೆಯ ಬುಡದಲ್ಲೇ ಒಂದು ಸುತ್ತು ಬಂದರು. ನಾಲ್ಕು ಕಡೆ ಹಿಮ್ಮಡಿ ಊರಿ ತಿರುಗಿಸಿ ಕೆಳಗೆ ನೋಡಿದರು. ಗುರುತು ಬಿತ್ತು, ಮಣ್ಣು ಎದ್ದು ಬರಲಿಲ್ಲ. ಹೊರಗೆ ಹೋಗಿ ಕಣಿಯಲ್ಲಿ ಹರಿಯುವ ನೀರನ್ನು ತುಂಬಾ ಹೊತ್ತು ನೋಡಿದರು. ಹೊಗಳಲಿಲ್ಲ, ಅವರು ಯಾವತ್ತೂ ಹೊಗಳಿದವರಲ್ಲ. ನಾಲ್ಕನೇ ಸಾಮಾನು ಯಾವುದು ಅಂತ ಕೇಳಿದರು. ಅವರಿಗೆ ಹೇಳಿದೆ.

ಪ್ರತಿ ಸಂಜೆ ಗುಡಿಸಿ ಒಂದು ಕೊಡ ನೀರು ಚಿಮುಕಿಸಬೇಕು. ವಾರಕ್ಕೊಮ್ಮೆ ಎಣ್ಣೆ ಬಿದ್ದ ಜಾಗ ಕೆರೆದು ಹೊಸ ಮಣ್ಣು ತಟ್ಟಬೇಕು. ಕಣಿಗೆ ಬೀಳುವ ಎಲೆ ತೆಗೆಯದಿದ್ದರೆ ಒಂದೇ ಮಳೆಗೆ ಕಥೆ ಮುಗಿಯುತ್ತದೆ. ಪೂತ್ತರದ ಮೂರನೇ ಮೆಟ್ಟಿಲಿನ ಅಂಚು ಇನ್ನೂ ಉದುರುತ್ತಿದೆ. ನಾಲ್ಕು ಸಲ ಮೆತ್ತಿದ್ದೇನೆ, ನಿಲ್ಲುತ್ತಿಲ್ಲ. ಯಾರಾದರೂ ಸಿಮೆಂಟ್ ಹಾಕದೆ ಅದನ್ನು ನಿಲ್ಲಿಸಿದವರಿದ್ದರೆ ಹೇಳಿ, ನಾಲ್ಕನೇ ಸಾಮಾನಿನ ವಿಷಯ ಆಮೇಲೆ ಮಾತಾಡೋಣ.